ಹೇಳಿದವಳಿಗೇ ಶಿಕ್ಷೆ

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ, ಹಾಡಹಗಲೇ, ಓದುವ ಹುಡುಗಿಯೊಬ್ಬಳನ್ನು ಚಾಕುವಿನಿಂದ ಇರಿದು ಕೊಲ್ಲಲಾಯಿತು. ಆರೋಪಿ ಅವಳಿಗೆ ಗೊತ್ತಿದ್ದವನೇ, ಜೊತೆಗೆ ಓದಿದವನೇ. ಮೇ 15ರ ನಸುಕಿನಲ್ಲಿ ಅದೇ ಊರಿನಲ್ಲಿ ಇಪ್ಪತ್ತರ ಇನ್ನೊಬ್ಬ ಹುಡುಗಿಯನ್ನು ಅವಳ ಮನೆಗೇ ನುಗ್ಗಿ ಕೊಂದರು. ಅಲ್ಲಿಯೂ ಆರೋಪಿ ಪರಿಚಯದವನೇ. ಮೊದಲನೆಯವಳಿಗೆ ಆದ ಗತಿಯೇ ನಿನಗೂ ಆಗುತ್ತದೆ ಎಂದು ಅವನು ಬೆದರಿಸಿದ್ದ, ಠಾಣೆಗೆ ಹೋಗಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ಅತ್ತರು. ಆಮೇಲೆ ಇನ್‌ಸ್ಪೆಕ್ಟರ್ ಅಮಾನತಾದರು. ಯಾವಾಗಲೂ ಆಮೇಲೆ.

ಎರಡು ಹೆಣಗಳ ನಡುವೆ 27 ದಿನ ಇತ್ತು. ಆ 27 ದಿನ ನಾವು ಏನು ಮಾಡಿದೆವು? ಮೆರವಣಿಗೆ ತೆಗೆದೆವು. ಚುನಾವಣೆ ಹತ್ತಿರವಿತ್ತು, ನಾಯಕರು ಒಬ್ಬರ ಹಿಂದೊಬ್ಬರು ಕಾರಿನಿಂದಿಳಿದು ಕ್ಯಾಮೆರಾ ಮುಂದೆ ಗಂಟಲು ಹರಿದುಕೊಂಡರು. ಆರೋಪಿಯ ಧರ್ಮವನ್ನು ಟಿವಿಗಳು ಹಗಲೂ ರಾತ್ರಿ ಅರೆದವು. ಮೊದಲನೆಯ ಸಾವಿನಲ್ಲಿ ಧರ್ಮ ಹುಡುಕಿದವರಿಗೆ ಎರಡನೆಯದರಲ್ಲಿ ಅದು ಸಿಗಲಿಲ್ಲ. ಈ ಗದ್ದಲದ ನಡುವೆ, ಇಂಥ ಕೊಲೆಗೆ ಮುಂಚೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೇನು ನಡೆದಿರುತ್ತದೆ, ಅದನ್ನು ಹದಿಮೂರು ಹದಿನಾಲ್ಕರ ಮಗುವೂ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಯಾರ ಹತ್ತಿರ ಓಡಬೇಕು ಎಂದು ಒಬ್ಬ ನಾಯಕ ನಿಂತು ಹೇಳಿದ್ದನ್ನು ನಾನು ಕೇಳಲಿಲ್ಲ.

ಅದೇ 27 ದಿನಗಳ ಒಳಗೆ, ಮೇ 9ರಂದು, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಕೊಡಗಿನ ಹಳ್ಳಿಯೊಂದರಲ್ಲಿ ಅಂದು ಪಾಸಾದ ಹದಿನಾರರ ಹುಡುಗಿಗೆ ಅದೇ ದಿನ ಅವಳಿಗಿಂತ ದುಪ್ಪಟ್ಟು ವಯಸ್ಸಿನವನ ಜೊತೆ ನಿಶ್ಚಿತಾರ್ಥ ಇಟ್ಟುಕೊಂಡಿದ್ದರು. ಅಧಿಕಾರಿಗಳು ಹೋಗಿ ತಡೆದರು. ಹದಿನೆಂಟು ತುಂಬುವವರೆಗೆ ಮದುವೆಯಿಲ್ಲ ಎಂದು ಮನೆಯವರನ್ನು ಒಪ್ಪಿಸಿ ಹೊರಟರು. ಅವರು ಹೊರಟ ಮೇಲೆ ಆ ಹುಡುಗಿಯನ್ನು ಕಡಿದು ಕೊಲ್ಲಲಾಯಿತು, ಆರೋಪಿ ಆ ವರನೇ. ಮದುವೆ ತಡೆದದ್ದು ತಪ್ಪಲ್ಲ, ಅದು ಆಗಲೇಬೇಕಿದ್ದ ಕೆಲಸ. ಆದರೆ ಹೆಣ್ಣು ಕೈತಪ್ಪುತ್ತಿದ್ದಾಳೆ ಎಂದು ಗಂಡಸಿಗೆ ಅನ್ನಿಸುವ ಆ ಗಳಿಗೆಯೇ ಎಲ್ಲಕ್ಕಿಂತ ಅಪಾಯದ್ದು. ಈ ವಿಷಯದಲ್ಲಿ ಕೆಲಸ ಮಾಡುವವರು ಜಗತ್ತಿನಾದ್ಯಂತ ದಶಕಗಳಿಂದ ಹೇಳಿಕೊಂಡು ಬಂದಿರುವ ಮೊದಲ ಪಾಠ ಅದು. ಆ ದಿನ ಅವಳನ್ನು ಬೇರೆಲ್ಲಾದರೂ ಇರಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಆ ಪಾಠವನ್ನು ನಮ್ಮಲ್ಲಿ ಯಾರಿಗೂ ಯಾರೂ ಕಲಿಸಿಲ್ಲ.

ಆರೋಪಿಗಳ ತಪ್ಪನ್ನು ನ್ಯಾಯಾಲಯಗಳು ನೋಡಿಕೊಳ್ಳುತ್ತವೆ. ನನ್ನ ಸಿಟ್ಟು ಉಳಿದವರ ಮೇಲೆ.

ಎಂಟನೇ ತರಗತಿಯಲ್ಲೇ ಈ ಪ್ರೀತಿಯ ಓಡಾಟ ಶುರುವಾಗುತ್ತದೆ ಎನ್ನುವುದು ಮೇಷ್ಟ್ರುಗಳಿಗೆ ಗೊತ್ತು, ಅಮ್ಮಂದಿರಿಗೆ ಗೊತ್ತು, ಬಸ್ ಕಂಡಕ್ಟರಿಗೂ ಗೊತ್ತು. ಟ್ಯೂಷನ್ನಿಗೆ ಹೋಗುವ ದಾರಿ, ಬಸ್‌ಸ್ಟ್ಯಾಂಡು, ಇನ್‌ಸ್ಟಾಗ್ರಾಂ, ಅಣ್ಣನ ಹಳೇ ಫೋನು. ಮಕ್ಕಳಲ್ಲಿ ಹೆಚ್ಚಿನವರ ಮೊದಲ ಪ್ರೀತಿಯಲ್ಲಿ ಹೆದರುವಂಥದ್ದು ಏನೂ ಇಲ್ಲ. ಆ ವಯಸ್ಸಿಗೆ ಅದು ಸಹಜ, ಸುಂದರವೂ ಹೌದು. ಕೆಡುವುದು ಎಲ್ಲಿ ಎಂದರೆ, ಹಿಡಿತವನ್ನೇ ಪ್ರೀತಿ ಎಂದು ನಂಬಿಕೊಂಡಾಗ.

ಮೊದಮೊದಲು ಅದು ಹಿತವಾಗಿಯೇ ಇರುತ್ತದೆ. ಊಟ ಆಯ್ತಾ, ಮನೆ ಮುಟ್ಟಿದೆಯಾ, ಯಾಕೆ ಆನ್‌ಲೈನ್ ಇದ್ದೂ ರಿಪ್ಲೈ ಮಾಡಲಿಲ್ಲ. ನನ್ನ ಮೇಲೆ ಇಷ್ಟೊಂದು ಕಾಳಜಿ ಎಂದು ಹುಡುಗಿ ಗೆಳತಿಗೆ ಹೇಳಿಕೊಂಡು ಬೀಗುತ್ತಾಳೆ. ಆಮೇಲೆ ಲೈವ್ ಲೊಕೇಶನ್ ಕಳಿಸು. ಆಮೇಲೆ ಪಾಸ್‌ವರ್ಡ್ ಕೊಡು, ಪ್ರೀತಿಯಲ್ಲಿ ಮುಚ್ಚುಮರೆ ಯಾಕೆ. ಆ ಗೆಳತಿ ಸರಿಯಿಲ್ಲ, ಅವಳ ಜೊತೆ ಮಾತು ಬಿಡು. ಡಿಪಿ ತೆಗಿ. ಆ ಡ್ರೆಸ್ ಹಾಕಬೇಡ. ಕಬಡ್ಡಿ ಟೀಮಿಗೆ ಯಾಕೆ ಹೋಗ್ತೀಯ, ಅಲ್ಲಿ ಗಂಡು ಕೋಚ್ ಇದ್ದಾನೆ. ಒಂದೊಂದೇ ಬಾಗಿಲು ಮುಚ್ಚುತ್ತಾ ಬಂದು ಕೊನೆಗೆ ಅವಳ ದಿನದಲ್ಲಿ ಅವನೊಬ್ಬನೇ ಉಳಿಯುತ್ತಾನೆ. ಹೊಡೆತ ಇನ್ನೂ ಬಿದ್ದೇ ಇರುವುದಿಲ್ಲ. ಇದನ್ನು ಇಂಗ್ಲೆಂಡ್ 2015ರಲ್ಲೇ ಅಪರಾಧವೆಂದು ಕಾನೂನು ಮಾಡಿತು: ಒಂದು ಏಟೂ ಕೊಡದೆ, ಒಬ್ಬರ ಬದುಕನ್ನು ಹೆಜ್ಜೆಹೆಜ್ಜೆಗೂ ಹಿಡಿತದಲ್ಲಿಟ್ಟು ಹೆದರಿಸಿ ನಡೆಸುವುದು. ನಮ್ಮಲ್ಲಿ ಅದಕ್ಕೆ ಪೊಸೆಸಿವ್ ಎಂಬ ಮುದ್ದು ಹೆಸರಿದೆ, ಅದರ ಮೇಲೆ ರೀಲ್ಸ್ ಇವೆ, ರೀಲ್ಸಿಗೆ ಹಾಡು ಇದೆ.

ನಂತರದ್ದು ಬ್ಲೇಡು. ನೀನು ಬಿಟ್ಟರೆ ಸಾಯ್ತೀನಿ ಎಂದು ಕೈ ಕೊಯ್ದುಕೊಂಡ ಫೋಟೋ ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಹದಿನಾಲ್ಕರ ಹುಡುಗಿ ಒಬ್ಬನ ಜೀವವನ್ನು ತನ್ನ ತಲೆಯ ಮೇಲೆ ಹೊತ್ತು ಮರುದಿನ ಗಣಿತ ಪರೀಕ್ಷೆಗೆ ಕೂರುತ್ತಾಳೆ. ಆ ಹುಡುಗನಿಗೆ ನಿಜವಾಗಿಯೂ ನೋವಿರಬಹುದು, ಅವನಿಗೆ ಚಿಕಿತ್ಸೆ ಬೇಕು, 14416 ಎಂಬ ಟೆಲಿ-ಮಾನಸ್ ಸಂಖ್ಯೆ ಇರುವುದು ಅದಕ್ಕೇ. ಅವನನ್ನು ಬದುಕಿಸುವ ಹೊಣೆ ಮಾತ್ರ ಅವಳದಲ್ಲ. ಈ ಒಂದು ಮಾತನ್ನು ಒಬ್ಬ ದೊಡ್ಡವರು ಅವಳಿಗೆ ಹೇಳಿದ್ದರೆ ಎಷ್ಟು ರಾತ್ರಿಗಳು ಉಳಿಯುತ್ತಿದ್ದವು.

ಮೊದಲ ಕಪಾಳಮೋಕ್ಷದ ಮರುದಿನ ಚಾಕೊಲೇಟು, ಟೆಡ್ಡಿ, ಕಣ್ಣೀರು. ಕ್ಷಮಿಸುವುದು ದೊಡ್ಡ ಗುಣ ಎಂದು ಅವಳಿಗೆ ಮನೆಯಲ್ಲೂ ಸೀರಿಯಲ್ಲುಗಳಲ್ಲೂ ಕಲಿಸಿದ್ದೇವೆ, ಕ್ಷಮಿಸುತ್ತಾಳೆ. ಎರಡನೆಯ ಸಲ ಏಟು ಜೋರಾಗಿರುತ್ತದೆ, ಚಾಕೊಲೇಟು ಚಿಕ್ಕದಾಗಿರುತ್ತದೆ. ಅವನು ಅವಳ ಕುತ್ತಿಗೆಗೆ ಕೈ ಹಾಕಿದರೆ, ಅದು ತಮಾಷೆಗಾದರೂ ಸರಿ, ಅರ್ಧ ಕ್ಷಣಕ್ಕಾದರೂ ಸರಿ, ಅಲ್ಲಿಗೆ ಎಲ್ಲ ಗಂಟೆಗಳೂ ಮೊಳಗಬೇಕು. ಸಂಗಾತಿ ಒಮ್ಮೆ ಕತ್ತು ಹಿಸುಕಿದ್ದರೆ ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಸುಮಾರು ಏಳು ಪಟ್ಟು ಹೆಚ್ಚು ಎಂದು ಅಮೆರಿಕದಲ್ಲಿ ನ್ಯಾನ್ಸಿ ಗ್ಲಾಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ನಮ್ಮ ಎಷ್ಟು ಠಾಣೆಗಳಲ್ಲಿ, ದೂರು ಕೊಡಲು ಬಂದ ಹುಡುಗಿಗೆ ‘ಕತ್ತು ಹಿಡಿದಿದ್ದನಾ’ ಎಂದು ಕೇಳುತ್ತಾರೆ? ‘ನೀನೂ ಅವನ ಜೊತೆ ಓಡಾಡಿದ್ದೀಯಲ್ಲ’ ಎಂದು ಕೇಳುವುದು ಮಾತ್ರ ಎಲ್ಲರಿಗೂ ಬರುತ್ತದೆ.

ಇಷ್ಟೆಲ್ಲ ಆಗುವಾಗ ಅವಳು ಯಾಕೆ ಬಾಯಿ ಬಿಡುವುದಿಲ್ಲ? ಈ ಪ್ರಶ್ನೆಯನ್ನು ಪ್ರತಿ ಕೊಲೆಯ ಮರುದಿನ ಸ್ಟುಡಿಯೋದಲ್ಲಿ ಕೂತು ಕೇಳುತ್ತಾರೆ, ನನ್ನ ಮೈ ಉರಿಯುತ್ತದೆ. ಯಾಕೆ ಬಿಡಬೇಕು? ಬಾಯಿ ಬಿಟ್ಟವಳಿಗೆ ಏನಾಗುತ್ತದೆ ಎಂದು ನಿಮಗೆ ಗೊತ್ತಿಲ್ಲವೇ?

ಮೊದಲು ಅವಳ ಫೋನ್ ಹೋಗುತ್ತದೆ. ಅವನ ಫೋನ್ ಅವನ ಬಳಿಯೇ ಇರುತ್ತದೆ. ಆಮೇಲೆ ಟ್ಯೂಷನ್ ನಿಲ್ಲುತ್ತದೆ. ಅಣ್ಣ ಕಾವಲಿಗೆ ಬರುತ್ತಾನೆ, ಅಥವಾ ಅಣ್ಣನೇ ಹೊಡೆಯುತ್ತಾನೆ. ಪಿಯುಸಿಗೆ ಸೇರಿಸುವುದು ಬೇಡ ಎಂದು ಚಿಕ್ಕಪ್ಪ ಹೇಳುತ್ತಾನೆ. ಸೋದರಮಾವನ ಕಡೆಯಿಂದ ಒಂದು ಗಂಡು ಹುಡುಕುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅವರಲ್ಲಿ ಎಷ್ಟು ಮಂದಿಯ ಮದುವೆಗೆ ‘ಯಾರೋ ಹುಡುಗ ಹಿಂದೆ ಬಿದ್ದಿದ್ದಾನಂತೆ’ ಎಂಬುದು ಕಾರಣ ಎಂದು ಯಾವ ಸಮೀಕ್ಷೆಯೂ ಎಣಿಸಿಲ್ಲ, ಹಳ್ಳಿಯ ಯಾವ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಬೆರಳು ಮಡಚಿ ಹೇಳುತ್ತಾಳೆ. ಒಬ್ಬ ಹುಡುಗನ ಹಿಡಿತದಿಂದ ಬಿಡಿಸುತ್ತೇವೆ ಎಂದು ಹೊರಟ ನಾವು ಅವಳನ್ನು ಇನ್ನೊಬ್ಬ ಗಂಡಸಿನ ಹಿಡಿತಕ್ಕೆ ಶಾಸ್ತ್ರೋಕ್ತವಾಗಿ ಒಪ್ಪಿಸುತ್ತೇವೆ. ಆ ಗಂಡಸಿನ ಮನೆಯಲ್ಲಿ ಏನು ಕಾದಿದೆ? ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ದೇಶದ ಸರಾಸರಿ ಶೇ 29.3. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ್ದು ಶೇ 20.6 ಇತ್ತು. ಈ ಅಂಕಿ ಹೊರಬಂದಾಗ ವಿಧಾನಸೌಧ ಒಂದು ದಿನವಾದರೂ ಬೇರೆ ಕೆಲಸ ನಿಲ್ಲಿಸಿ ಕೂರಬೇಕಿತ್ತು.

ಮುಳ್ಳು ಬಟ್ಟೆಯ ಮೇಲೆ ಬಿದ್ದರೂ, ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಿಕೊಂಡು ಬಂದಿದ್ದೇವೆ. ಎಷ್ಟು ತಲೆಮಾರು! ಮುಳ್ಳನ್ನು ಕೀಳುವ ಮಾತು ಆ ಗಾದೆಯಲ್ಲಿ ಎಲ್ಲೂ ಇಲ್ಲ. ಮುಳ್ಳು ಇರುವುದೇ ಹಾಗೆ, ನೀನೇ ಮಡಚಿಕೊಂಡು ಮೂಲೆಯಲ್ಲಿರು ಎನ್ನುವುದೇ ಅದರ ಒಟ್ಟು ಮಾತು. ಈ ಗಾದೆಯನ್ನು ಮಗಳಿಗೆ ಹೇಳುವ ಪ್ರತಿ ತಾಯಿ, ಅದೇ ಮನೆಯ ಮಗನಿಗೆ ನೀನು ಮುಳ್ಳಾಗಿದ್ದರೂ ನಡೆಯುತ್ತದೆ ಎಂದು ಅಪ್ಪಣೆ ಕೊಡುತ್ತಿದ್ದಾಳೆ.

ಶಾಲೆಗಳು ಏನು ಮಾಡಿದವು ಎಂದು ಕೇಳಿದರೆ ಕರಾಟೆ ತೋರಿಸುತ್ತಾರೆ. ಸಮಗ್ರ ಶಿಕ್ಷಣದ ಅಡಿಯಲ್ಲಿ ಆರರಿಂದ ಹನ್ನೆರಡನೇ ತರಗತಿಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಆತ್ಮರಕ್ಷಣೆಯ ತರಬೇತಿ ಇದೆ. ಮಕ್ಕಳ ಮೈಗೆ ಬಲ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಕತ್ತಲ ರಸ್ತೆಯ ಅಪರಿಚಿತನಿಗೆ ಗುದ್ದಲು ಕಲಿಸಿದ ಆ ಕೈಗಳಿಗೆ, ತಾನೇ ಇಷ್ಟಪಟ್ಟವನು ತನ್ನ ಫೋನ್ ಕಿತ್ತುಕೊಂಡಾಗ ಏನು ಮಾಡಬೇಕೆಂದು ಕಲಿಸಲಿಲ್ಲ. ಹುಬ್ಬಳ್ಳಿಯ ಇಬ್ಬರಿಗೂ ಆರೋಪಿಗಳು ಅಪರಿಚಿತರಾಗಿರಲಿಲ್ಲ. ಇನ್ನೊಂದು ಪ್ರಶ್ನೆ: ಹುಡುಗಿಯರು ಕರಾಟೆ ಕಲಿಯುವ ಆ ಪಿರಿಯಡ್‌ನಲ್ಲಿ ಹುಡುಗರು ಏನು ಕಲಿಯುತ್ತಿರುತ್ತಾರೆ? ಮೈದಾನದ ಆಚೆ ಬದಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಇಡೀ ಅಪರಾಧದ ಹೊಣೆಯನ್ನು ಅದಕ್ಕೆ ಗುರಿಯಾಗುವವರ ಮೇಲೆ ಹೊರಿಸಿ, ಅದನ್ನು ಮಾಡಬಹುದಾದವರನ್ನು ಆಟಕ್ಕೆ ಬಿಡುವ ಈ ವ್ಯವಸ್ಥೆಯನ್ನು ರೂಪಿಸಿದವರು ಯಾರು?

2007ರ ಹೊತ್ತಿಗೆ ಹದಿಹರೆಯದ ಶಿಕ್ಷಣದ ಒಂದು ಕಾರ್ಯಕ್ರಮ ದೇಶದ ಶಾಲೆಗಳ ಬಾಗಿಲಿಗೆ ಬಂದಿತ್ತು. ಸಂಸ್ಕೃತಿ ಕೆಡುತ್ತದೆ ಎಂದು ಹಲವು ರಾಜ್ಯಗಳು ಅದನ್ನು ಒದ್ದು ಹೊರಗೆ ಹಾಕಿದವು, ಕರ್ನಾಟಕವೂ ಅವುಗಳಲ್ಲೊಂದು. ಆ ವರ್ಷ ಎಂಟನೇ ತರಗತಿಯಲ್ಲಿದ್ದವರಿಗೆ ಈಗ ಮೂವತ್ತು ದಾಟಿದೆ. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಒಂದು ಇಡೀ ತಲೆಮಾರಿಗೆ ಒಪ್ಪಿಗೆ ಎಂದರೇನು, ಬೇಡ ಎಂದರೇನು, ಬಿಟ್ಟು ಹೋಗುವ ಹಕ್ಕು ಎಂದರೇನು ಎಂಬುದನ್ನು ಕಲಿಸಿದ್ದು ಪೋರ್ನ್ ಮತ್ತು ಸಿನಿಮಾ. ಒಂದು ಕಡೆ ಬಲವಂತವೇ ಸುಖ, ಇನ್ನೊಂದು ಕಡೆ ಹುಡುಗಿ ಮೂರು ಸಲ ಬೇಡ ಎಂದರೂ ನಾಯಕ ನಾಲ್ಕನೆಯ ಸಲ ಬೈಕ್ ಅಡ್ಡ ನಿಲ್ಲಿಸುತ್ತಾನೆ, ಇಂಟರ್‌ವಲ್ ಆದ ಮೇಲೆ ಅವಳು ನಗುತ್ತಾಳೆ. ಸಂಸ್ಕೃತಿ ಕಾಪಾಡಲು ಹೊರಟವರು ಮಕ್ಕಳನ್ನು ಈ ಇಬ್ಬರು ಮೇಷ್ಟ್ರುಗಳ ಕೈಗೆ ಕೊಟ್ಟು ಮನೆಗೆ ಹೋಗಿ ಮಲಗಿದರು.

ಸಂಸ್ಕೃತಿಯ ಮಾತೇ ಬಂದರೆ ನಮ್ಮ ಮನೆಯದೇ ಒಂದು ಕಥೆ ಇದೆ. ಹರಿಹರನ ರಗಳೆಯಲ್ಲಿ ರಾಜ ಕೌಶಿಕ ಅಕ್ಕಮಹಾದೇವಿಯ ಚೆಲುವಿಗೆ ಮನಸೋತು ತನಗೇ ಬೇಕೆಂದು ಹಟ ಹಿಡಿದವನು. ಅವಳ ಹೆತ್ತವರ ಮೇಲೆ ಒತ್ತಡ ಹೇರಿ ಒಪ್ಪಿಸಿಕೊಂಡವನು. ಅವಳು ಷರತ್ತು ಹಾಕಿದಳು. ಅವನು ಒಂದು ಸಲ ತಪ್ಪಿದ, ಎರಡು ಸಲ ತಪ್ಪಿದ, ಮೂರನೆಯ ಸಲ ತಪ್ಪಿದಾಗ ಅವಳು ಅರಮನೆಯನ್ನೂ ಅವನು ಕೊಟ್ಟದ್ದೆಲ್ಲವನ್ನೂ ಅಲ್ಲೇ ಬಿಟ್ಟು ಹೊರಟಳು. ಹನ್ನೆರಡನೆಯ ಶತಮಾನದ ಎಳೆಯ ಹೆಣ್ಣೊಬ್ಬಳು ಎಣಿಸುತ್ತಾ ಕೂತು, ಎಣಿಕೆ ಮುಗಿದ ದಿನ ಎದ್ದು ನಡೆದ ಕಥೆ ಇದು. ನಮ್ಮ ಪ್ರತಿ ಮಗುವೂ ಅಕ್ಕನ ವಚನವನ್ನು ಬಾಯಿಪಾಠ ಮಾಡುತ್ತದೆ. ಕೌಶಿಕನ ನಡತೆಗೆ ಏನನ್ನಬೇಕು, ಇಂಥವನು ನಿಮ್ಮ ತರಗತಿಯಲ್ಲೂ ಇರಬಹುದಲ್ಲ ಎಂದು ಕೇಳುವ ಕನ್ನಡ ಮೇಷ್ಟ್ರು ಎಷ್ಟು ಮಂದಿ? ಭಕ್ತಿ ಎಂದು ಹೇಳಿ ಮುಗಿಸುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು.

ಕಾನೂನು ಇಲ್ಲವೇ ಎನ್ನುತ್ತೀರಿ. ಇದೆ. ಹಿಂಬಾಲಿಸುವುದು 2013ರಿಂದ ಅಪರಾಧ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಬೇಡವೆಂದ ಮೇಲೂ ಹಿಂದೆ ಬೀಳುವುದು, ಮತ್ತೆ ಮತ್ತೆ ಸಂಪರ್ಕಿಸುವುದು, ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಎಲ್ಲ ಅದರೊಳಗೆ ಬರುತ್ತವೆ. ಆದರೆ ಮೊದಲ ಸಲದ ಅಪರಾಧಕ್ಕೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ದೂರು ಕೊಟ್ಟ ಸಂಜೆಯೇ ಅವನು ಅವಳ ಬೀದಿಯ ತುದಿಯಲ್ಲಿ ಚಹಾ ಕುಡಿಯುತ್ತಾ ನಿಂತಿರಬಹುದು, ಮತ್ತು ಈಗ ಅವನಿಗೆ ಸಿಟ್ಟೂ ಬಂದಿರುತ್ತದೆ. ಆ ಸಂಜೆ ಅವಳನ್ನು ಕಾಯುವವರು ಯಾರು ಎಂದು ಕಾನೂನು ಹೇಳುವುದಿಲ್ಲ.

ಹದಿನೆಂಟರ ಒಳಗಿನವರಿಗೆ 2012ರ ಪೋಕ್ಸೊ ಕಾಯ್ದೆ ಇದೆ. ಮಗುವನ್ನು ಮತ್ತೆ ಮತ್ತೆ ಹಿಂಬಾಲಿಸುವುದನ್ನೂ ಕಾಡುವುದನ್ನೂ ಅದು ಶಿಕ್ಷಿಸುತ್ತದೆ. ಅದು ಬೇಕೇ ಬೇಕು. ಆದರೆ ಅದೇ ಕಾಯ್ದೆಯಲ್ಲಿ ಹದಿನೇಳರ ಇಬ್ಬರು ಒಪ್ಪಿ ಕೂಡಿದರೂ ಅಪರಾಧ, ಮತ್ತು ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದ ದೊಡ್ಡವರಿಗೆ ಶಿಕ್ಷೆ. ಪರಿಣಾಮ ಏನು? ಹೊಡೆತ ತಿನ್ನುತ್ತಿರುವ ಹುಡುಗಿ ಮೇಡಂ ಬಳಿ ಬಂದು ‘ಅವನು ನನಗೆ ಹೊಡೀತಾನೆ’ ಎಂದರೆ, ಮುಂದಿನ ಮಾತಿಗೆ ಮೇಡಂ ಹೆದರುತ್ತಾರೆ. ಠಾಣೆ, ವೈದ್ಯಕೀಯ ಪರೀಕ್ಷೆ, ಮನೆಯವರಿಗೆ ಸುದ್ದಿ, ಊರಿಗೆ ಸುದ್ದಿ. ಆದ್ದರಿಂದ ಮೇಡಂ ಏನೂ ಕೇಳಿಸಿಕೊಳ್ಳದಂತೆ ಇರುತ್ತಾರೆ, ಹುಡುಗಿಯೂ ಪೂರ್ತಿ ಹೇಳುವುದಿಲ್ಲ. ಹದಿನಾರು ದಾಟಿದವರ ಒಪ್ಪಿಗೆಯ ಸಂಬಂಧಗಳ ವಿಷಯದಲ್ಲಿ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಿ ಎಂದು ನಮ್ಮದೇ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ ಮಿತಿ ಬದಲಿಸುವುದು ಬೇಡವೆಂದಿತು, ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ನ್ಯಾಯಾಧೀಶರ ಮುಂದೆ ಬಂದ ಮೇಲಿನ ಮಾತಾಯಿತು ಅದು. ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂದು ತಡವರಿಸುವ ಮಗುವಿಗೆ ಯಾವ ವಿವೇಚನೆ ಸಿಕ್ಕಿತು?

ಫೋಟೋ ಬೆದರಿಕೆಯ ವಿಷಯ ಇದಕ್ಕಿಂತ ಕೆಟ್ಟದು. ಒಮ್ಮೆ ನಂಬಿ ಕಳಿಸಿದ ಒಂದು ಚಿತ್ರಕ್ಕೆ ಎಷ್ಟೋ ಮಕ್ಕಳು ಬಾವಿ ನೋಡಿದ್ದಾರೆ, ನೇಣು ನೋಡಿದ್ದಾರೆ. ಆ ಚಿತ್ರವನ್ನು ಯಾರಿಗೂ ತೋರಿಸದೆಯೇ ಹರಡುವುದನ್ನು ತಡೆಯಲು ದಾರಿಯಿದೆ ಎಂದು ಅವರಿಗೆ ಯಾರು ಹೇಳಿದರು? ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ, ಹದಿನೆಂಟರ ಒಳಗಿನವರ ಚಿತ್ರಗಳಿಗೆಂದೇ ಮಾಡಿದ್ದು. ಚಿತ್ರ ಫೋನಿನಿಂದ ಆಚೆ ಹೋಗುವುದಿಲ್ಲ, ಅದರ ಒಂದು ಗುರುತಿನ ಸಂಕೇತ ಮಾತ್ರ ಹೋಗುತ್ತದೆ, ಅದನ್ನಿಟ್ಟುಕೊಂಡು ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಆ ಚಿತ್ರವನ್ನು ಹುಡುಕಿ ತೆಗೆಯಬಲ್ಲವು. ಸೈಬರ್ ಅಪರಾಧಕ್ಕೆ 1930 ಇದೆ. ಮಕ್ಕಳಿಗೆ 1098 ಇದೆ, ಇಡೀ ದಿನ, ಇಡೀ ರಾತ್ರಿ. ಬೆದರಿಕೆಯ ಮೆಸೇಜ್ ಅಳಿಸಬಾರದು, ಸ್ಕ್ರೀನ್‌ಶಾಟ್ ತೆಗೆದು ನಂಬಿದ ಒಬ್ಬರಿಗೆ ಕಳಿಸಿಡಬೇಕು. ಹತ್ತು ನಿಮಿಷದ ಪಾಠ ಇದು. ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ.

ಹುಡುಗರೂ ಪೆಟ್ಟು ತಿನ್ನುತ್ತಾರೆ, ಅವರಿಗೂ ಬ್ಲ್ಯಾಕ್‌ಮೇಲ್ ಆಗುತ್ತದೆ, ಹೇಳಿದರೆ ನಗುತ್ತಾರೆಂದು ನುಂಗಿಕೊಳ್ಳುತ್ತಾರೆ. ಆ ನಗುವೂ ಒಂದು ಶಿಕ್ಷೆಯೇ. ಮತ್ತು ಹದಿಮೂರರ ಹುಡುಗ ಕೊಲೆಗಾರನಾಗಿ ಹುಟ್ಟಿರುವುದಿಲ್ಲ. ಬೇಡ ಎನ್ನಿಸಿಕೊಳ್ಳುವುದು ಅವಮಾನ, ಅವಮಾನಕ್ಕೆ ಸೇಡು ಬೇಕು ಎಂದು ಅವನಿಗೆ ಯಾರೋ ಕಲಿಸಿರುತ್ತಾರೆ. ಒಬ್ಬಳು ಬೇಡ ಎಂದಳು, ನೋವಾಯಿತು, ಅತ್ತೆ, ಗೆಳೆಯನ ಹತ್ತಿರ ಹೇಳಿಕೊಂಡೆ, ಆರು ತಿಂಗಳಲ್ಲಿ ಸರಿಯಾಯಿತು ಎಂದು ಅವನ ಅಪ್ಪ, ಅವನ ಅಣ್ಣ, ಅವನ ಪಿ.ಟಿ. ಮೇಷ್ಟ್ರು ಒಮ್ಮೆಯಾದರೂ ಅವನ ಮುಂದೆ ಹೇಳಿದ್ದಾರೆಯೇ?

ಅಮೆರಿಕದ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದಲ್ಲಿ 2005ರಲ್ಲಿ ಲಿಂಡ್ಸೆ ಆನ್ ಬರ್ಕ್ ಎಂಬ ಯುವತಿಯನ್ನು ಅವಳ ಮಾಜಿ ಗೆಳೆಯ ಕೊಂದ. ತಾಯಿ ಆನ್ ಬರ್ಕ್ ಶಾಲೆಯಲ್ಲಿ ಆರೋಗ್ಯ ಪಾಠ ಮಾಡುತ್ತಿದ್ದ ಶಿಕ್ಷಕಿ. ಆಕೆ ಮಗಳ ಹೆಸರಿನಲ್ಲಿ ಶಾಸನಸಭೆಯ ಬೆನ್ನು ಹತ್ತಿದರು. 2007ರಲ್ಲಿ ಕಾನೂನು ಬಂತು: ಏಳರಿಂದ ಹನ್ನೆರಡನೇ ತರಗತಿಯವರೆಗೆ ಪ್ರತಿ ವರ್ಷ ಪ್ರೀತಿಯ ಸಂಬಂಧದಲ್ಲಿನ ಹಿಂಸೆಯ ಬಗ್ಗೆ ಪಾಠ ಆಗಲೇಬೇಕು. ಅದೇ 2007ರಲ್ಲಿ ನಾವು ಪುಸ್ತಕ ಮುಚ್ಚುತ್ತಿದ್ದೆವು.

ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ಹೆಸರಿಡುವುದು ವೃತ್ತಕ್ಕೆ. ನನಗೆ ವೃತ್ತ ಬೇಡ, ಪಿರಿಯಡ್ ಬೇಕು. ಏಳನೇ ತರಗತಿಯಿಂದ, ಹುಡುಗ ಹುಡುಗಿ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ. ಆರೋಗ್ಯ ಇಲಾಖೆಯ ಸ್ನೇಹಾ ಕ್ಲಿನಿಕ್‌ಗಳು ಹದಿಹರೆಯದವರಿಗೆಂದೇ ಇವೆ, ಅಲ್ಲಿನ ಆಪ್ತಸಮಾಲೋಚಕರನ್ನು ವರ್ಷಕ್ಕೊಮ್ಮೆ ಭಾಷಣಕ್ಕೆ ಕರೆದು ಶಾಲು ಹೊದಿಸಿ ಕಳಿಸುವ ಬದಲು ಪ್ರತಿ ತಿಂಗಳೂ ಶಾಲೆಗೆ ಕಳಿಸಿ. ಠಾಣೆಗೆ ಬಂದ ದೂರಿನಲ್ಲಿ ಕೊಲೆ ಬೆದರಿಕೆ, ಕತ್ತು ಹಿಸುಕಿದ್ದು, ಬಿಟ್ಟು ಹೋಗುವ ಪ್ರಯತ್ನ, ಈ ಮೂರನ್ನು ಕೇಳಿ ಬರೆದುಕೊಳ್ಳದ ಅಧಿಕಾರಿಗೆ ಕೊಲೆಯಾಗುವ ಮೊದಲೇ ನೋಟಿಸ್ ಕೊಡಿ. ಬೆದರಿಸಿದವನ ಮನೆಗೆ ಅಂದೇ ಪೊಲೀಸ್ ಹೋಗಲಿ, ಅವಳ ಮನೆಗೆ ಅಲ್ಲ.

ಮತ್ತು ಹೆತ್ತವರೇ, ನಿಮಗೆ. ಮಗಳು ಒಂದು ರಾತ್ರಿ ಬಂದು ‘ಅಪ್ಪಾ, ಒಬ್ಬ ಹುಡುಗ’ ಎಂದು ಶುರು ಮಾಡಿದರೆ, ಆ ವಾಕ್ಯವನ್ನು ಮುಗಿಸಲು ಬಿಡಿ. ಅವಳು ಅವನನ್ನು ಇಷ್ಟಪಟ್ಟಿದ್ದಳೋ ಇಲ್ಲವೋ ಎನ್ನುವುದನ್ನು ಅಂದು ಕೇಳಬೇಡಿ. ಮರುದಿನ ಬೆಳಿಗ್ಗೆ ಅವಳ ಫೋನ್ ಅವಳ ಕೈಯಲ್ಲಿರಬೇಕು, ಬಸ್ ಪಾಸು ಅವಳ ಬ್ಯಾಗಿನಲ್ಲಿರಬೇಕು, ಅವಳು ಅದೇ ಶಾಲೆಗೆ, ಅದೇ ಬೆಂಚಿಗೆ ಹೋಗಬೇಕು. ಜೊತೆಗೆ ನೀವು ಹೋಗಿ, ರಜೆ ಹಾಕಿ ಹೋಗಿ. ಯಾರ ಓದು ನಿಲ್ಲಬೇಕು ಎಂಬ ಪ್ರಶ್ನೆ ಬಂದರೆ, ನಿಲ್ಲಬೇಕಾದದ್ದು ಅವಳದಲ್ಲ.